ಗಾಜಿನಂಗಡಿಯ ಇಂಟರ್‌ನ್ಯಾಷನಲ್

ಪೇಟೆಯ ಹಿಂದಿನ ಬೀದಿಯಲ್ಲಿ, ಸೈಕಲ್ ರಿಪೇರಿಯವನಿಗೂ ಕನ್ನಡಕದಂಗಡಿಯವನಿಗೂ ನಡುವೆ ಒತ್ತಿಕೊಂಡು ನಿಂತಿರುವ ಗಾಜಿನಂಗಡಿಗೆ ಬೋರ್ಡಿಲ್ಲ. ಅದರ ಅಗತ್ಯವೂ ಇಲ್ಲ. ಇಂಟರ್‌ನ್ಯಾಷನಲ್ ಅಂಗಡಿ ಎಲ್ಲಿ ಅಂತ ಕೇಳಿದರೆ ಯಾರು ಬೇಕಾದರೂ ಕೈ ತೋರಿಸುತ್ತಾರೆ. ತೋರಿಸುವಾಗ ಅವರ ತುಟಿಯಂಚಿನಲ್ಲಿ ಒಂದು ನಗು ಇಣುಕುತ್ತದೆ ನೋಡಿ, ಅದು ಹೊಸಬರಿಗೆ ಅರ್ಥವಾಗುವುದಿಲ್ಲ. ಅಂಗಡಿಯವನಿಗೆ ಚೆನ್ನಾಗಿ ಅರ್ಥವಾಗುತ್ತದೆ.

ಅವನು ದೇಶದ ಪರವಾಗಿ ಕ್ರಿಕೆಟ್ ಆಡಿದವನು. ಗೇಲಿಯ ಮಾತಲ್ಲ, ನಿಜವಾಗಿ ಆಡಿದವನು. ಒಂದು ಕಾಲಕ್ಕೆ ಅವನ ಬ್ಯಾಟಿಗೆ ಇಲ್ಲಿಯ ಮೈದಾನ ಸಾಲುತ್ತಿರಲಿಲ್ಲ. ವರ್ಷಗಟ್ಟಲೆ ಲೀಗ್ ಪಂದ್ಯಗಳಲ್ಲಿ ರನ್ನಿನ ರಾಶಿ ಹಾಕಿ, ಇವತ್ತು ಕರೀತಾರೆ, ನಾಳೆ ಕರೀತಾರೆ ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ. ಕೊನೆಗೆ ತಂಡದ ಇಬ್ಬರು ಬ್ಯಾಟ್ಸ್‌ಮನ್‌ಗಳು ಒಟ್ಟೊಟ್ಟಿಗೆ ಪೆಟ್ಟು ಮಾಡಿಕೊಂಡಾಗ ಕರೆ ಬಂತು. ಹೊಸ ಪ್ಯಾಡು, ಹೊಸ ಟೋಪಿ, ಪರದೇಶದ ಮೈದಾನ. ಒಂದು ದಿನದ ಪಂದ್ಯ. ಅವನ ಸರದಿ ಬಂದಾಗ ಇನ್ನೊಂದು ತುದಿಯಲ್ಲಿ ಸ್ವತಃ ಕ್ಯಾಪ್ಟನ್ ಆಡುತ್ತಿದ್ದರು. ಕ್ಯಾಪ್ಟನ್ ಚೆಂಡನ್ನು ಮೆಲ್ಲಗೆ ಪಕ್ಕಕ್ಕೆ ತಳ್ಳಿ "ಬಾ!" ಅಂದರು. ಇವನು ಓಡಿದ. ಅರ್ಧ ದಾರಿಗೆ ಬಂದಿದ್ದಾನೆ, ಕ್ಯಾಪ್ಟನ್ ಕೈ ಎತ್ತಿ "ಬೇಡ, ಬೇಡ!" ಎಂದು ಬೆನ್ನು ತಿರುಗಿಸಿ ತಮ್ಮ ಗೆರೆಯೊಳಗೆ ಸೇರಿಕೊಂಡರು. ಇವನು ತಿರುಗಿದ, ಕಾಲು ಜಾರಿತು, ಅಷ್ಟರಲ್ಲಿ ಇವನ ತುದಿಯ ವಿಕೆಟ್ ಹಾರಿತು. ರನ್ ಔಟ್. ಒಂದೇ ಒಂದು ಚೆಂಡನ್ನೂ ಎದುರಿಸದೆ ಔಟ್. ಪೆವಿಲಿಯನ್ನಿನ ಗೇಟು ತೆಗೆದು ಅವನನ್ನು ಮೈದಾನಕ್ಕೆ ಬಿಟ್ಟಿದ್ದ ಕಾವಲುಗಾರ ಇನ್ನೂ ಚಿಲಕ ಹಾಕುತ್ತಲೇ ಇದ್ದ. ಹಾಕುತ್ತಿದ್ದ ಚಿಲಕವನ್ನು ಹಾಗೇ ತೆಗೆದ, ಪಾಪ.

ಸಂಜೆ ಕ್ಯಾಪ್ಟನ್ ಭುಜ ತಟ್ಟಿ "ಮುಂದಿನ ಸಲ ನೋಡೋಣಪ್ಪ" ಎಂದರು. ಆ ಮುಂದಿನ ಸಲ ಬರಲೇ ಇಲ್ಲ. ಪೆಟ್ಟಾದವರ ಪೆಟ್ಟು ಮಾಯಿತು, ಅವರು ವಾಪಸ್ಸು ಬಂದರು, ಇವನು ಮನೆಗೆ ಬಂದ. ಯಾರ ತಪ್ಪು ಎಂದು ಪೇಪರಿನವರು ಕೇಳಿದಾಗ ಕ್ಯಾಪ್ಟನ್ ಬಾಯಿ ಬಿಡಲಿಲ್ಲ. ಅವರು ಸುಮ್ಮನಿದ್ದುದಕ್ಕೆ ತಪ್ಪೆಲ್ಲ ಇವನದೇ ಎಂದಾಯಿತು. ಕೇಳಿ ಕೇಳಿ ಕೊನೆಗೆ ಇವನಿಗೇ ಅನುಮಾನ ಹತ್ತಿಕೊಂಡಿತು. ಅವರು ನಿಜವಾಗಿ "ಬಾ" ಅಂದಿದ್ದರಾ? ಅಥವಾ ಆಸೆಗೆ ನನ್ನ ಕಿವಿಯೇ ಹಾಗೆ ಕೇಳಿಸಿಕೊಂಡಿತಾ? ಈ ಅನುಮಾನದ ಜೊತೆ ಮನುಷ್ಯ ಬಾಳುವುದು ಎಷ್ಟು ಕಷ್ಟ ಅಂತ ಅನುಭವಿಸಿದವನಿಗೇ ಗೊತ್ತು. ನಡು ರಸ್ತೆಯಲ್ಲಿ ಹೋಗುತ್ತಿದ್ದಾಗ ಹಿಂದಿನಿಂದ ಯಾರೋ ಯಾರನ್ನೋ "ಬಾ" ಎಂದು ಕರೆದರೂ ಅವನ ಕಾಲು ತಡವರಿಸುತ್ತಿತ್ತು.

ಮಾವನ ಗಾಜಿನಂಗಡಿಯಲ್ಲಿ ಕೆಲಸ ಕಲಿತ, ಆಮೇಲೆ ಅಂಗಡಿಯೇ ಅವನದಾಯಿತು. ಈ ದೇವರ ತಮಾಷೆ ನೋಡಿ, ಅವನ ವ್ಯಾಪಾರದ ಅರ್ಧ ಭಾಗ ನಡೆಯುವುದೇ ಬೀದಿ ಕ್ರಿಕೆಟ್ಟಿನಿಂದ. ರಜೆ ಶುರುವಾದರೆ ಸಾಕು, ಪೇಟೆಯ ಕಿಟಕಿಗಳೆಲ್ಲ ಒಂದೊಂದಾಗಿ ಒಡೆಯುತ್ತವೆ. ಇವನು ಗಾಜು ಹೊತ್ತು ಹೋಗುತ್ತಾನೆ, ಅಳತೆ ತೆಗೆಯುತ್ತಾನೆ, ಕಟ್ಟರ್ ಎಳೆದು ಟಕ್ಕೆಂದು ಮುರಿಯುತ್ತಾನೆ. ಅವನ ಕೈಯಲ್ಲಿ ಅಳತೆ ತಪ್ಪಿದ್ದನ್ನು ಯಾರೂ ಕಂಡಿಲ್ಲ. ಮನೆಯವರು ಪಕ್ಕದಲ್ಲಿ ನಿಂತು, "ಏನ್ ಇಂಟರ್‌ನ್ಯಾಷನಲ್, ನಮ್ಮ ಕಿಟಕಿಗೆ ಸಿಕ್ಸರ್ ಹೊಡೆದೋನು ನಿಮಗಿಂತ ಜಾಸ್ತಿ ರನ್ ಮಾಡಿದ್ದಾನೆ ಬಿಡಿ" ಎಂದು ನಗುತ್ತಾರೆ. ಅವನೂ ನಗುತ್ತಾನೆ. ನಗದಿದ್ದರೆ ಇನ್ನೂ ಕಷ್ಟ. ಮನೆಗೆ ಬರುವವರೆಗೂ ಅವಮಾನಕ್ಕೆ ಕಿವಿ ಬಿಸಿಯಾಗಿರುತ್ತದೆ.

ಇಷ್ಟಾದರೂ ಹೇಗೋ ನಡೆಯುತ್ತಿತ್ತು. ಆದರೆ ಅವನಿಗೊಬ್ಬಳು ಮಗಳಿದ್ದಳು.

ಅವಳು ಚಿಕ್ಕವಳಿದ್ದಾಗ ಒಂದು ಮಧ್ಯಾಹ್ನ, ಅಂಗಡಿಯ ಕಟ್ಟೆಯ ಮೇಲೆ ಕಾಲು ಆಡಿಸುತ್ತಾ ಕೂತು, "ಅಪ್ಪಾ, ದೇಶಕ್ಕೆ ಆಡಿದಾಗ ನೀನು ಎಷ್ಟು ರನ್ ಹೊಡ್ದೆ?" ಎಂದು ಕೇಳಿದಳು. ಕೇಳುವಾಗ ಆ ಕಣ್ಣು ಎಷ್ಟು ಅರಳಿತ್ತೆಂದರೆ ಇವನ ನಾಲಗೆ ಹಿಡಿತಕ್ಕೆ ಸಿಗಲಿಲ್ಲ. "ಮೂವತ್ತೆರಡು" ಅಂದುಬಿಟ್ಟ. ನೂರು ಅನ್ನಬಹುದಿತ್ತು. ಸುಳ್ಳು ಹೇಳುವುದಕ್ಕೂ ಎದೆಗಾರಿಕೆ ಬೇಕಲ್ಲ, ನೂರು ಅನ್ನುವಷ್ಟು ಎದೆಗಾರಿಕೆ ಅವನಿಗಿರಲಿಲ್ಲ. ಮೂವತ್ತೆರಡು ಅಂದರೆ ಹದವಾಗಿತ್ತು, ಯಾರೂ ಮೆರೆಸುವುದಿಲ್ಲ, ಯಾರೂ ನಗುವುದಿಲ್ಲ. ಹೆಂಡತಿ ಒಳಗಿನಿಂದ ಕೇಳಿಸಿಕೊಂಡಳು. ಸುಳ್ಳೆಂದು ಗೊತ್ತಿದ್ದೂ ತಿದ್ದಲು ಹೋಗಲಿಲ್ಲ. ಅಂದಿನಿಂದ ಆ ಮೂವತ್ತೆರಡು ಮನೆಯಲ್ಲೇ ಬೆಳೆಯಿತು. ಮಗಳು ಶಾಲೆಯಲ್ಲಿ ಹೇಳಿಕೊಂಡಳು, ಗೆಳತಿಯರಿಗೆ ಹೇಳಿಕೊಂಡಳು. ಅದರಲ್ಲಿ ಎಷ್ಟು ಬೌಂಡರಿ ಅಂತ ಅವಳೇ ಕೇಳಿ, "ನಾಲ್ಕು" ಅನ್ನಿಸಿಕೊಂಡಳು. ಫೋನಿನಲ್ಲಿ ಹುಡುಕಿದರೆ ಎಲ್ಲ ಸಿಗುತ್ತದೆಂದು ಅವಳಿಗೂ ಗೊತ್ತು, ಆದರೆ ಅಪ್ಪನ ಮಾತಿಗೆ ಸಾಕ್ಷಿ ಹುಡುಕುವ ವಯಸ್ಸು ಅವಳಿಗಿನ್ನೂ ಆಗಿರಲಿಲ್ಲ.

ಹೀಗಿರುವಾಗ ಮೈದಾನಕ್ಕೆ ಹೊಸ ಪೆವಿಲಿಯನ್ ಎದ್ದಿತು. ಕ್ಲಬ್ಬಿನ ಸೆಕ್ರೆಟರಿ ಅಂಗಡಿಗೆ ಬಂದು, "ಕಿಟಕಿ ಗಾಜೆಲ್ಲ ನಿಮ್ಮದೇ" ಎಂದರು. ಇವನು ಖುಷಿಯಾಗಿ ತಲೆಯಾಡಿಸಿದ. "ಇನ್ನೊಂದಿದೆ. ನಮ್ಮ ಮೈದಾನದಲ್ಲಿ ಆಡಿ ದೇಶದ ತಂಡಕ್ಕೆ ಹೋದೋರ ಹೆಸರನ್ನೆಲ್ಲ ಒಂದು ದೊಡ್ಡ ಹಲಗೆ ಮೇಲೆ ಬರೆಸಿದ್ದೀವಿ. ಹೆಸರು, ಎಷ್ಟು ಪಂದ್ಯ, ಎಷ್ಟು ರನ್, ಎಲ್ಲಾ. ಅದಕ್ಕೂ ಗಾಜು ಹಾಕಿಕೊಡಿ. ಉದ್ಘಾಟನೆಗೆ ಯಾರು ಬರ್ತಿದ್ದಾರೆ ಗೊತ್ತಾ? ನಿಮ್ಮ ಕ್ಯಾಪ್ಟನ್ನೇ!" ಎಂದು ಭುಜ ತಟ್ಟಿ ಹೋದರು. ಇವನ ಎದೆ ಧಸಕ್ಕೆಂದಿತು. ಕ್ಯಾಪ್ಟನ್ ಬರುವುದಕ್ಕಲ್ಲ. ಎಷ್ಟು ರನ್ ಎಂಬ ಆ ಮಾತಿಗೆ.

ಹಲಗೆ ಕೈಗಾಡಿಯಲ್ಲಿ ಅಂಗಡಿಗೆ ಬಂತು. ಕಪ್ಪು ಹಲಗೆ, ಹಳದಿ ಅಕ್ಷರ. ಬರೆದವನು ಮೈದಾನದ ಪೇಂಟರ್. ಪಂದ್ಯದ ದಿನ ಸ್ಕೋರ್‌ಬೋರ್ಡ್ ನೋಡಿಕೊಳ್ಳುವವನೂ ಅವನೇ. ಒಂದೊಂದು ಅಕ್ಷರವನ್ನೂ ಮುದ್ದು ಮಾಡಿದಂತೆ ಬರೆದಿದ್ದ. ಏಳು ಸಾಲು. ಆಡಿದ ಕಾಲದ ಪ್ರಕಾರ ಬರೆದಿದ್ದರಿಂದ ಇವನದು ಕೊಟ್ಟಕೊನೆಗೆ. ಹೆಸರು. ಪಂದ್ಯ 1. ರನ್ 0. ಆ ಸೊನ್ನೆಗೂ ಪೇಂಟರ್ ಉಳಿದ ಸಾಲುಗಳ ದೊಡ್ಡ ದೊಡ್ಡ ಅಂಕಿಗಳಿಗೆ ಹಚ್ಚಿದಷ್ಟೇ ಬಣ್ಣ ಹಚ್ಚಿದ್ದ. ದುಂಡಗೆ, ಚೆಂದಾಗಿ ಕೂತಿತ್ತು.

ಇವನು ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡ. ಗಾಜು ಹಾಸಿದ, ಅಳೆದ, ಮತ್ತೆ ಅಳೆದ. ಆಮೇಲೆ, ಎಂದೂ ಅಳತೆ ತಪ್ಪದ ಕೈ, ಗಾಜನ್ನು ಒಂದು ಸಾಲಿನಷ್ಟು ಗಿಡ್ಡವಾಗಿ ಕೊಯ್ದಿತು. ಮೂರು ಬದಿಗೆ ಬೆರಳಗಲದ ಮರದ ಪಟ್ಟಿ ಹೊಡೆದ. ಕೆಳಗಿನ ಬದಿಗೆ ಅಂಗೈಯಗಲದ್ದು. ಸರಿಯಾಗಿ ಏಳನೇ ಸಾಲಿನ ಮೇಲೆ ಕೂತಿತು. ಗಾಜಿನ ಭಾರವೆಲ್ಲ ಕೆಳಗೆ ಬೀಳುತ್ತದೆ, ಅಗಲದ ಪಟ್ಟಿಯೇ ಬೇಕು ಎಂದು ತನಗೆ ತಾನೇ ಹೇಳಿಕೊಂಡ. ಮೊಳೆ ಸಾಲದು ಅಂತ ಅಂಟನ್ನೂ ಹಚ್ಚಿದ. ಹಲಗೆಗೆ ಬಟ್ಟೆ ಸುತ್ತಿ ಕಳಿಸಿದ ಮೇಲೆ ಕೈ ತೊಳೆಯಲು ಹೋದರೆ ಅಂಟು ಬೆರಳಿಂದ ಬಿಡಲೇ ಇಲ್ಲ. ಎದುರಿಗಿದ್ದ ಕನ್ನಡಿಗಳಲ್ಲಿ ತನ್ನ ಮುಖ ಕಾಣದ ಹಾಗೆ ಓರೆಯಾಗಿ ನಡೆದು ಮನೆಗೆ ಹೋದ. ಗಾಜಿನಂಗಡಿಯವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕೆ?

ಉದ್ಘಾಟನೆಯ ಬೆಳಗ್ಗೆ ಪೆವಿಲಿಯನ್ನಿನ ಹಾಲ್ ತುಂಬಿ ತುಳುಕುತ್ತಿತ್ತು. ಇವನು ಹೋಗುವುದು ಬೇಡ, ಹೊಟ್ಟೆನೋವು ಎಂದಿದ್ದ. ಹೆಂಡತಿ, "ಹೊಟ್ಟೆನೋವಿಗೆ ಮಾತ್ರೆ ಇದೆ, ನಡೀರಿ" ಎಂದು ಇಸ್ತ್ರಿ ಮಾಡಿದ ಅಂಗಿ ಕೈಗೆ ಕೊಟ್ಟಿದ್ದಳು. ಮಗಳಂತೂ ಗೆಳತಿಯರನ್ನೂ ಕರೆದುಕೊಂಡು ಬಂದು ಮುಂದಿನ ಸಾಲಿನಲ್ಲೇ ಕೂತಿದ್ದಳು. ಪೇಂಟರ್ ಬಾಗಿಲ ಬಳಿ ಬಣ್ಣದ ಡಬ್ಬಿ, ಬ್ರಷ್ಷು ಹಿಡಿದು ನಿಂತಿದ್ದ. ಸಮಾರಂಭ ಮುಗಿದ ಮೇಲೆ ಪಂದ್ಯವಿತ್ತು, ಸ್ಕೋರ್‌ಬೋರ್ಡಿನ ಮೇಲೆ ತಂಡದ ಹೆಸರು ಬರೆಯಬೇಕಿತ್ತು. ತನ್ನ ಕೈಬರಹಕ್ಕೆ ಜನ ಚಪ್ಪಾಳೆ ತಟ್ಟುವುದನ್ನು ನೋಡಲು ಒಳಗೆ ಬಂದಿದ್ದ.

ಕ್ಯಾಪ್ಟನ್ ಪರದೆ ಎಳೆದರು. ಚಪ್ಪಾಳೆ ಬಿತ್ತು. ಮಗಳು ಎದ್ದು ನಿಂತು ಮೇಲಿನಿಂದ ಕೆಳಕ್ಕೆ ಓದಿದಳು, ಕೆಳಗಿನಿಂದ ಮೇಲಕ್ಕೂ ಓದಿದಳು. ತಿರುಗಿ ಅಪ್ಪನನ್ನು ನೋಡಿದಳು.

"ರೀ, ನಿಮ್ಮ ಹೆಸರೆಲ್ಲಿ?" ಹೆಂಡತಿ ಕೇಳಿದಳು.

"ಇರಲಿ ಬಿಡೇ."

"ಏನ್ ಇರಲಿ ಬಿಡು? ಗಾಜು ಹಾಕೋಕೆ ನೀವು ಬೇಕು, ಹೆಸರು ಹಾಕೋಕೆ ಬೇಡ್ವಾ?"

ಅವಳು ಸುಮ್ಮನಿರುವವಳೇ? ಇಷ್ಟು ವರ್ಷ ಪೇಟೆಯವರ ನಗುವನ್ನೆಲ್ಲ ಹಲ್ಲು ಕಚ್ಚಿ ನುಂಗಿದ್ದವಳು. ನೇರ ಹೋಗಿ ಸೆಕ್ರೆಟರಿಯ ಎದುರು ನಿಂತಳು. "ಸಾರ್, ಇವರು ದೇಶಕ್ಕೆ ಆಡಿಲ್ವಾ? ರನ್ ಕಮ್ಮಿ ಆದ್ರೆ ಹೆಸರೂ ಅಳಿಸಿಬಿಡ್ತೀರಾ? ಹೇಳಿ, ಇಷ್ಟು ಜನರ ಮುಂದೇನೇ ಹೇಳಿ!" ಸೆಕ್ರೆಟರಿ ಹಲಗೆ ನೋಡಿ ಬೆವರಿದರು. ಎದುರಿಗೆ ಬಂದ ತಪ್ಪನ್ನು ಯಾರ ತಲೆಗಾದರೂ ಕಟ್ಟಬೇಕಲ್ಲ, ಕಣ್ಣು ಬಾಗಿಲ ಕಡೆ ಹೋಯಿತು.

"ಏಯ್, ಬಾ ಇಲ್ಲಿ! ಏಳು ಹೆಸರು ಕೊಟ್ಟಿದ್ನಲ್ಲ, ಆರೇ ಬರೆದಿದ್ದೀಯ?"

"ಏಳೂ ಬರೆದಿದ್ದೀನಿ ಸಾರ್." ಪೇಂಟರ್ ಮುಂದೆ ಬಂದ.

"ಮತ್ತೆ ಎಲ್ಲಿ ಹೋಯ್ತು? ಹಾರಿ ಹೋಯ್ತಾ? ಮತ್ತೆ ಕುಡಿಯೋಕೆ ಶುರು ಮಾಡಿದ್ದೀಯೇನು?"

"ಇಲ್ಲ ಸಾರ್, ಬಿಟ್ಟು ಎಷ್ಟೋ ವರ್ಷ ಆಯ್ತು, ನಿಮಗೇ ಗೊತ್ತಲ್ಲ..."

"ಗೊತ್ತು ಗೊತ್ತು. ಇವತ್ತಿಂದ ಸ್ಕೋರ್‌ಬೋರ್ಡ್ ಹತ್ರ ಬರಬೇಡ. ಬೇರೆಯವರನ್ನ ನೋಡ್ಕೋತೀನಿ."

ಪೇಂಟರ್ ಎರಡು ಹೆಜ್ಜೆ ಹತ್ತಿರ ಹೋಗಿ ಹಲಗೆಯನ್ನು ದಿಟ್ಟಿಸಿದ. ಆರು ಸಾಲು ಎಣಿಸಿದ, ಬೆರಳು ಮಡಿಸಿ ಮತ್ತೆ ಎಣಿಸಿದ. "ಬರೆದಿದ್ದೆ ಅಂತಲೇ ನೆನಪು ಸಾರ್," ಎಂದ, ಈ ಸಲ ಧ್ವನಿ ಸಣ್ಣದಾಗಿತ್ತು. "ಕೊನೇಲಿ ಒಂದು ಸೊನ್ನೆ ಹಾಕಿದ ಹಾಗೆ... ಬರೆದ್ನೋ, ಬರೆದೆ ಅಂದ್ಕೊಂಡ್ನೋ."

ಗಾಜಿನಂಗಡಿಯವನಿಗೆ ಆ ಮಾತು ಮುಖಕ್ಕೆ ಹೊಡೆದಂತಾಯಿತು. ಅದು ಅವನದೇ ಮಾತು. ಕರೆದರೋ, ಕರೆದರು ಅಂದುಕೊಂಡೆನೋ! ಒಬ್ಬ ಮನುಷ್ಯ ನಡು ದಾರಿಯಲ್ಲಿ ನಿಂತಿದ್ದಾನೆ, ಇನ್ನೊಬ್ಬ ತನ್ನ ಗೆರೆಯೊಳಗೆ ಕ್ಷೇಮವಾಗಿ ನಿಂತು ಬಾಯಿಗೆ ಬೀಗ ಹಾಕಿಕೊಂಡಿದ್ದಾನೆ. ಈ ಸಲ ಗೆರೆಯೊಳಗಿದ್ದವನು ತಾನು. ನಾಚಿಕೆಗೆ ಮೈಯೆಲ್ಲ ಬಿಸಿಯಾಯಿತು. ಹೇಳಿಬಿಡು, ಹೇಳಿಬಿಡು ಎಂದು ಎದೆ ಹೊಡೆದುಕೊಂಡಿತು. ಆದರೆ ಬಾಯಿ ತೆರೆಯುವಷ್ಟರಲ್ಲಿ ಕ್ಯಾಪ್ಟನ್ ಮೈಕು ಹಿಡಿದಿದ್ದರು.

"ಇದು ಬಹಳ ಬೇಜಾರಿನ ವಿಷಯ," ಎಂದರು ಕ್ಯಾಪ್ಟನ್. ಕೂದಲು ನೆರೆತಿತ್ತು, ಧ್ವನಿ ಮಾತ್ರ ಅದೇ. "ಇವರೂ ನಾನೂ ಜೊತೆಗೆ ಬ್ಯಾಟ್ ಮಾಡಿದ್ದೀವಿ. ಒಳ್ಳೇ ಜೊತೆಯಾಟ ಆಡಿದ್ವಿ. ಇಂಥವರ ಹೆಸರು ಬಿಡಬಾರದು."

ಜೊತೆಯಾಟ! ಒಂದು ರನ್ನೂ ಇಲ್ಲದ ಜೊತೆಯಾಟ! ಆ ಮಹಾನುಭಾವರಿಗೆ ನೆನಪೇ ಇರಲಿಲ್ಲ. ಇವನು ಪ್ರತಿ ದಿನ ಹೊತ್ತು ತಿರುಗಿದ ಭಾರ ಅವರ ತಲೆಯಲ್ಲಿ ಒಂದು ಧೂಳಿನ ಕಣವಾಗಿಯೂ ಉಳಿದಿರಲಿಲ್ಲ.

ಮಗಳಿಗೆ ರೆಕ್ಕೆ ಬಂದಂತಾಯಿತು. ವೇದಿಕೆಯ ಹತ್ತಿರ ಓಡಿ, "ಅಂಕಲ್, ಅಪ್ಪ ಮೂವತ್ತೆರಡು ಹೊಡೆದಿದ್ರಲ್ವಾ?" ಎಂದು ಕೇಳಿದಳು.

ಹಿಂದಿನ ಸಾಲಿನಲ್ಲಿ ಕನ್ನಡಕದಂಗಡಿಯವನು ಕೆಮ್ಮಿದ. ಸೈಕಲ್ ರಿಪೇರಿಯವನು ನೆಲ ನೋಡಿದ. ಇಷ್ಟು ವರ್ಷ ಮುಖದ ಮೇಲೇ ಗೇಲಿ ಮಾಡಿದವರು, ಆ ಹುಡುಗಿಯ ಮುಂದೆ ಒಬ್ಬರೂ ನಗಲಿಲ್ಲ. ಅದನ್ನು ನೋಡಿ ಇವನಿಗೆ ಇನ್ನಷ್ಟು ಅವಮಾನವಾಯಿತು. ಅವರೆಲ್ಲ ಸೇರಿ ತನ್ನ ಸುಳ್ಳನ್ನು ಹೊರುತ್ತಿದ್ದರು.

"ಹೌದು ಪುಟ್ಟಾ, ಹೌದು," ಎಂದರು ಕ್ಯಾಪ್ಟನ್, ಮಕ್ಕಳ ಮುಂದೆ ದೊಡ್ಡವರು ಹೇಳುವ ಹಾಗೆ. "ಚೆನ್ನಾಗಿ ಆಡಿದ್ರು ನಿಮ್ಮಪ್ಪ."

ಸೆಕ್ರೆಟರಿಗೆ ಹೋದ ಜೀವ ಬಂತು. ತಾವು ಬರೆಸಿದ ಲೆಕ್ಕ ಬೇರೆಯೆಂದು ಗೊತ್ತಿದ್ದರೂ ಕ್ಯಾಪ್ಟನ್ನರ ಮಾತಿಗೆ ಎದುರಾಡುವವರಲ್ಲ. "ಸರಿ ಹಾಗಾದ್ರೆ, ಈಗಲೇ ಸರಿ ಮಾಡಿಬಿಡೋಣ. ಕೆಳಗಡೆ ಪಟ್ಟಿ ಒಳ್ಳೇ ಅಗಲವಾಗಿದೆ. ಅದರ ಮೇಲೇ ಬರೆದುಬಿಡಲಿ. ಏಯ್, ಏಣಿ ತಗೊಂಡು ಬಾ. ಹೆಸರು, ಪಂದ್ಯ ಒಂದು, ರನ್ ಮೂವತ್ತೆರಡು. ಇದನ್ನಾದ್ರೂ ನೆಟ್ಟಗೆ ಬರಿ."

ಎಲ್ಲ ಮುಗಿದೇ ಹೋಗಿತ್ತು ನೋಡಿ. ಇನ್ನು ಅವನು ಮಾಡಬೇಕಾದ್ದೇನೂ ಇರಲಿಲ್ಲ, ಸುಮ್ಮನೆ ನಿಂತರೆ ಸಾಕು. ಸುಳ್ಳು ಹಳದಿ ಬಣ್ಣದಲ್ಲಿ ಗೋಡೆ ಏರುತ್ತಿತ್ತು, ಅದೂ ಕ್ಯಾಪ್ಟನ್ನರ ಬಾಯಿಂದ ಮುದ್ರೆ ಒತ್ತಿಸಿಕೊಂಡು. ಮಗಳ ಮುಖ ಬೆಳಗುತ್ತಿತ್ತು. ಪೇಂಟರ್ ಏಣಿ ತಂದು ಒರಗಿಸಿದ. ತಲೆ ಎತ್ತದೆ ಹತ್ತಿದ. ಬ್ರಷ್ ಅದ್ದಿದ. ಬರೆಯುವ ಮೊದಲು ಆ ಆರು ಸಾಲುಗಳನ್ನು ಮತ್ತೊಮ್ಮೆ ಎಣಿಸಿದ.

"ಬರೀಬೇಡಪ್ಪಾ!"

ತನ್ನದೇ ಧ್ವನಿ ಅಷ್ಟು ಜೋರಾಗಿ ಬರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಜನರನ್ನು ಸರಿಸಿಕೊಂಡು ಮುಂದೆ ಹೋದ. "ನೀನು ಬರೆದಿದ್ದೀಯ. ಹೆಸರು ಅಲ್ಲೇ ಇದೆ. ಈ ಪಟ್ಟಿ ಅಡೀಲಿ ಇದೆ. ನಾನೇ ಮುಚ್ಚಿದ್ದು."

"ಏನು?" ಎಂದರು ಸೆಕ್ರೆಟರಿ.

"ಗಾಜು ಬೇಕಂತಲೇ ಗಿಡ್ಡ ಕೊಯ್ದೆ ಸಾರ್. ಇವರದೇನೂ ತಪ್ಪಿಲ್ಲ. ನಾನೇ."

ಪೇಂಟರ್ ಏಣಿ ಇಳಿದ. ಇವನು ಹತ್ತಿದ. ಜೇಬಿನಲ್ಲಿ ಸದಾ ಇರುವ ಪುಟ್ಟ ಉಳಿಯನ್ನು ಪಟ್ಟಿಯ ಸಂದಿಗೆ ತುರುಕಿ ಮೀಟಿದ. ಎಂಥ ಕೆಲಸಗಾರ, ಅಷ್ಟು ಬೇಗ ಬಿಡುವಂತೆ ಹೊಡೆದಿರಲಿಲ್ಲ. ಹಾಲ್‌ನಲ್ಲಿ ಮೊಳೆ ಕಿರುಗುಟ್ಟುವ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಬೆನ್ನ ಮೇಲೆಲ್ಲ ಕಣ್ಣುಗಳು. ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು, ನಿಂತಿದ್ದು ಏಣಿಯ ಮೇಲೆ, ಆ ಭಾಗ್ಯವೂ ಇರಲಿಲ್ಲ. ಕೊನೆಗೆ ಪಟ್ಟಿ ಚರ್ರೆಂದು ಕಿತ್ತು ಬಂತು, ಪಕ್ಕದ ಪಟ್ಟಿಗಳ ಹಿಡಿತಕ್ಕೆ ಗಾಜು ಜಾರದೆ ನಿಂತಿತು. ಏಳನೇ ಸಾಲು ಕಾಣಿಸಿತು. ಹೆಸರಿತ್ತು, ಪಂದ್ಯ ಒಂದು ಎಂದಿತ್ತು. ಕೊನೆಯ ಅಂಕಿ ಮಾತ್ರ ಅಂಟಿನ ಜೊತೆ ಎದ್ದು ಪಟ್ಟಿಯ ಹಿಂಭಾಗಕ್ಕೆ ಹತ್ತಿಕೊಂಡು ಬಂದಿತ್ತು. ಅವನು ಪಟ್ಟಿಯನ್ನು ಎದೆಗೆ ಒತ್ತಿ ಹಿಡಿದು ಕೆಳಗಿಳಿದ.

ಪೇಂಟರ್ ತನ್ನ ಅಕ್ಷರಗಳನ್ನು ಬಹಳ ಹೊತ್ತು ನೋಡಿದ. ಆಮೇಲೆ ಇವನನ್ನು ನೋಡಿದ. ಕಣ್ಣು ಕೆಂಪಾಗಿತ್ತು.

"ಕುಡುಕ ಅನ್ನಿಸಿಬಿಟ್ರಲ್ಲ ಸಾರ್ ನನ್ನ," ಎಂದ.

"ತಪ್ಪಾಯ್ತು," ಎಂದ ಇವನು.

ಪೇಂಟರ್ ಏಣಿ ಹತ್ತಿ ಬ್ರಷ್ ಅದ್ದಿಕೊಂಡ. ಖಾಲಿ ಜಾಗದ ಎದುರು ಕೈ ನಿಲ್ಲಿಸಿ ಕೇಳಿದ. "ಎಷ್ಟು ಬರೀಲಿ?"

ಅವನಿಗೆ ಗೊತ್ತಿತ್ತು. ಅವನೇ ಬರೆದದ್ದಲ್ಲವೇ? ಗೊತ್ತಿದ್ದೂ ಕೇಳುತ್ತಿದ್ದಾನೆಂದು ಇವನಿಗೂ ಗೊತ್ತಾಯಿತು. ಕೇಳಲಿ, ಕೇಳುವ ಹಕ್ಕು ಅವನಿಗಿದೆ.

"ಸೊನ್ನೆ."

"ಕೇಳಿಸ್ಲಿಲ್ಲ."

"ಸೊನ್ನೆ!" ಎಂದ ಗಟ್ಟಿಯಾಗಿ. "ಒಂದು ಚೆಂಡೂ ಆಡ್ಲಿಲ್ಲ. ರನ್ ಔಟ್."

ವೇದಿಕೆಯ ಮೇಲೆ ಕ್ಯಾಪ್ಟನ್ನರ ಮುಖ ನಿಧಾನವಾಗಿ ಬದಲಾಯಿತು. "ಅಯ್ಯೋ," ಎಂದರು, ಮೈಕಿನಿಂದ ದೂರ ಸರಿದು. "ಆ ಮ್ಯಾಚಾ? ಅದು ನೀನಾ? ಅವತ್ತು ನಾನೇ..." ಎಂದು ಅರ್ಧಕ್ಕೆ ನಿಲ್ಲಿಸಿ ಕನ್ನಡಕ ತೆಗೆದು ಒರೆಸತೊಡಗಿದರು. ಆ ವಾಕ್ಯದ ಉಳಿದರ್ಧಕ್ಕಾಗಿ ಈ ಮನುಷ್ಯ ಅರ್ಧ ಆಯುಷ್ಯ ಕಾದಿದ್ದ. ಈಗ ತಿರುಗಿ ನೋಡಲೂ ಪುರುಸೊತ್ತಿರಲಿಲ್ಲ. ಹೊಸ ನೆಲದ ಮೇಲೆ ಏಣಿ ಜಾರುತ್ತಿತ್ತು, ಮೇಲೆ ಪೇಂಟರ್ ಇದ್ದ. ಇವನು ಪಟ್ಟಿಯನ್ನು ನೆಲಕ್ಕೆ ಬಿಟ್ಟು ಎರಡೂ ಕೈಯಲ್ಲಿ ಏಣಿ ಹಿಡಿದುಕೊಂಡ.

ಹೆಂಡತಿ ಇವನ ಹತ್ತಿರ ಬರಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು, ತಾನು ಈಗಷ್ಟೇ ಜಗಳವಾಡಿದ ಜಾಗದಲ್ಲೇ ನಿಂತಿದ್ದಳು. ಮಗಳು ಬಂದಳು. ಗೆಳತಿಯರನ್ನು ಅಲ್ಲೇ ಬಿಟ್ಟು ಒಬ್ಬಳೇ ಬಂದಳು. ನೆಲಕ್ಕೆ ಬಿದ್ದಿದ್ದ ಪಟ್ಟಿಯನ್ನು ಎತ್ತಿ ಹಿಂದುಮುಂದು ತಿರುಗಿಸಿ, ಅಂಟಿಗೆ ಹತ್ತಿಕೊಂಡಿದ್ದ ಹಳದಿ ಸೊನ್ನೆಯನ್ನು ಬೆರಳಿಂದ ಮುಟ್ಟಿದಳು. ಅವಳು ಅಳಲಿಲ್ಲ. ಅತ್ತಿದ್ದರೆ ಅವನು ಸಮಾಧಾನ ಮಾಡಬಹುದಿತ್ತು.

"ಹಾಗಾದ್ರೆ ಆ ಮೂವತ್ತೆರಡು ಯಾರದ್ದಪ್ಪಾ?" ಎಂದು ಕೇಳಿದಳು.

"ಯಾರದ್ದೂ ಅಲ್ಲಮ್ಮ," ಎಂದ.

ಮೇಲಿನಿಂದ ಪೇಂಟರ್, "ಅಲ್ಲಾಡಿಸಬೇಡಿ, ದುಂಡಗೆ ಬರಬೇಕು," ಎಂದ. ಇವನು ಏಣಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ.